ಸ್ಪಷ್ಟನೆ: ಜೆಡ್‌ರ‍್ಯಾಮ್‌ನಿಂದ ರ‍್ಯಾಮ್ ದುಪ್ಪಟ್ಟಾಗುವುದಿಲ್ಲ

“ಲಿನಕ್ಸ್‌ನಲ್ಲಿ ಜೆಡ್‌ರ‍್ಯಾಮ್ ಚಾಲೂ ಮಾಡಿದರೆ 8 ಜಿಬಿ ರ‍್ಯಾಮ್ ಪುಕ್ಕಟೆಯಾಗಿ 16 ಜಿಬಿ ಆಗುತ್ತದೆ, ಹೊಸ ರ‍್ಯಾಮ್ ಕೊಳ್ಳುವುದು ದಂಡ” ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಜೆಡ್‌ರ‍್ಯಾಮ್ ಎಂದರೆ ರ‍್ಯಾಮಿನಲ್ಲಿರುವ ದತ್ತಾಂಶವನ್ನು ಕುಗ್ಗಿಸಿ ಅಲ್ಲಿಯೇ ಇಡುವ, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಒಂದು ಸೌಲಭ್ಯ.

ಜೆಡ್‌ರ‍್ಯಾಮ್‌ಗೆ ನಾವು ಕೊಡುವ 8 ಜಿಬಿ ಗಾತ್ರವು ಹೊಸದಾಗಿ ಹುಟ್ಟಿದ ಜಾಗವಲ್ಲ. ಕುಗ್ಗಿಸುವ ಮೊದಲಿನ ಲೆಕ್ಕದಲ್ಲಿ ಅದು ಎಷ್ಟು ದತ್ತಾಂಶವನ್ನು ಸ್ವೀಕರಿಸಬಹುದು ಎಂಬ ಮಿತಿಯಷ್ಟೇ, ಮತ್ತು ಕುಗ್ಗಿದ ದತ್ತಾಂಶವೂ ಅದೇ ರ‍್ಯಾಮಿನಲ್ಲಿಯೇ ಕೂರಬೇಕು. ಮೆಮೊರಿಯನ್ನು ‘ಪುಟ’ ಎಂಬ ಸಣ್ಣ ತುಂಡುಗಳಲ್ಲಿ ನಿರ್ವಹಿಸಲಾಗುತ್ತದೆ; 4 ಕೆಬಿಯ ಅಂಥ ಒಂದು ಪುಟದ ತುಂಬ ಸೊನ್ನೆಗಳೇ ಇದ್ದರೆ ಅದಕ್ಕೆ ಹೆಚ್ಚುಕಡಿಮೆ ಜಾಗವೇ ಬೇಡ, ಪಠ್ಯವಿದ್ದರೆ ಚೆನ್ನಾಗಿ ಕುಗ್ಗುತ್ತದೆ. ಆದರೆ ಜೆಪೆಗ್ ಚಿತ್ರದ ತುಣುಕೋ ಗೂಢಲಿಪಿಯ ದತ್ತಾಂಶವೋ ಇದ್ದರೆ ಉಳಿತಾಯ ಬಹುತೇಕ ಶೂನ್ಯ, ಪ್ರೊಸೆಸರ್ ಪಟ್ಟ ಶ್ರಮವೂ ವ್ಯರ್ಥ. ಟರ್ಮಿನಲ್‌ನಲ್ಲಿ ಜೆಡ್‌ರ‍್ಯಾಮ್‌ಸಿಟಿಎಲ್ (zramctl) ಆದೇಶ ಕೊಟ್ಟು ‘ಡೇಟಾ’ (ಕುಗ್ಗಿಸುವ ಮೊದಲಿನ ಗಾತ್ರ) ಮತ್ತು ‘ಟೋಟಲ್’ (ನಿಜಕ್ಕೂ ಬಳಸಿದ ಜಾಗ) ಕಾಲಂಗಳನ್ನು ಹೋಲಿಸಿದರೆ ನಿಮ್ಮ ಯಂತ್ರಕ್ಕೆ ಆಗುತ್ತಿರುವ ನಿಜವಾದ ಲಾಭ ಕಾಣುತ್ತದೆ.

ಹಾಗೆಂದು ಇದನ್ನು, ರ‍್ಯಾಮ್ ದುಪ್ಪಟ್ಟು ಮಾಡುವುದಾಗಿ ಹೇಳಿಕೊಂಡಿದ್ದ 1995ರ ತಂತ್ರಾಂಶವಾದ ಸಾಫ್ಟ್‌ರ‍್ಯಾಮ್95ರ ಸಾಲಿಗೆ ಸೇರಿಸುವುದು ಅನ್ಯಾಯ; ಅದು ಮೆಮೊರಿಯನ್ನು ಹೆಚ್ಚಿಸುವುದೇ ಇಲ್ಲವೆಂದು ಅಮೆರಿಕದ ವ್ಯಾಪಾರ ಆಯೋಗವೇ ಆಕ್ಷೇಪಿಸಿತ್ತು. ಜೆಡ್‌ರ‍್ಯಾಮ್ ನಿಜಕ್ಕೂ ಕುಗ್ಗಿಸುತ್ತದೆ. ರ‍್ಯಾಮ್ ತುಂಬಿದಾಗ ಹಾರ್ಡ್ ಡಿಸ್ಕಿಗೆ ಸರಿಸಿಟ್ಟ ಪುಟವೊಂದನ್ನು ಮರಳಿ ತರಲು ಮಿಲಿಸೆಕೆಂಡುಗಳು ಬೇಕಾದರೆ ಇಲ್ಲಿ ಅದನ್ನು ಬಿಡಿಸಲು ಮೈಕ್ರೋಸೆಕೆಂಡುಗಳು ಸಾಕಾಗುವುದರಿಂದ, ಹಳೆಯ ಲ್ಯಾಪ್‌ಟಾಪ್‌ಗಳಿಗೆ ಇದು ದೊಡ್ಡ ಉಪಕಾರವೆಂದೇ ನನ್ನ ಅಭಿಪ್ರಾಯ. ಆದರೆ ಸದಾ ಬಳಕೆಯಲ್ಲಿರುವ ದತ್ತಾಂಶವೇ ರ‍್ಯಾಮನ್ನು ಮೀರಿದ್ದರೆ, ಕುಗ್ಗಿಸಿ ಬಿಡಿಸುವುದರಲ್ಲೇ ಪ್ರೊಸೆಸರ್ ಸೋಲುತ್ತದೆ. ಅಂಥವರು ರ‍್ಯಾಮ್ ಕೊಳ್ಳಲೇಬೇಕು.