ಲಾಕ್ ಕುಡುಕರನ್ನು ಬಿಟ್ಟುಬಿಡಿ ಅಂದಿಲ್ಲ

'ನೆನಪಿಲ್ಲದಿದ್ದರೆ ತಪ್ಪು ನಿನ್ನದಲ್ಲ, ಜಾನ್ ಲಾಕ್ ಹೇಳಿದ್ದಾನೆ' ಅನ್ನುವ ಸಾಲು ಸುತ್ತಾಡುತ್ತಿದೆ. ಲಾಕ್ ಹದಿನೇಳನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ. ಆ ಸಾಲು ಅರ್ಧ ಮಾತ್ರ ಸರಿ. ಐರ್ಲೆಂಡಿನ ಗೆಳೆಯ ವಿಲಿಯಂ ಮಾಲಿನ್ಯೂ ಕೇಳಿದ್ದಕ್ಕೆ ಲಾಕ್ 1694ರಲ್ಲಿ ಮನುಷ್ಯನ ತಿಳಿವಳಿಕೆಯ ಬಗ್ಗೆ ಬರೆದ ತನ್ನ ದೊಡ್ಡ ಪ್ರಬಂಧದ ಎರಡನೇ ಮುದ್ರಣಕ್ಕೆ ಒಂದು ಅಧ್ಯಾಯ ಸೇರಿಸಿದ. ನಿನ್ನೆಯ ನಾನು, ಇವತ್ತಿನ ನಾನು ಒಂದೇ ಆಗುವುದು ಅರಿವಿನಿಂದ, ಅಂದರೆ ಹಿಂದೆ ಮಾಡಿದ್ದು ನಾನೇ ಅನ್ನುವ ನೆನಪಿನಿಂದ, ದೇಹದಿಂದಲೂ ಅಲ್ಲ, ಆತ್ಮದಿಂದಲೂ ಅಲ್ಲ ಅಂತ ಅಲ್ಲಿದೆ, ನಿಜ.

ಆದರೆ ಕುಡಿದು ಮಾಡಿದ್ದು ನೆನಪಿಲ್ಲದವನಿಗೂ ಕೋರ್ಟು ಶಿಕ್ಷೆ ಕೊಡುವುದು ನ್ಯಾಯ ಅಂತಲೂ ಅದೇ ಅಧ್ಯಾಯದಲ್ಲಿದೆ. ಯಾಕೆಂದರೆ ಅವನು ಮಾಡಿದ್ದಕ್ಕೆ ಸಾಕ್ಷಿ ಸಿಗುತ್ತದೆ, ಅವನಿಗೆ ನಿಜವಾಗಲೂ ಅರಿವಿರಲಿಲ್ಲ ಅನ್ನುವುದಕ್ಕೆ ಸಿಗುವುದಿಲ್ಲ. ಇಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ 'ನೆನಪಿಲ್ಲ ಸ್ವಾಮಿ' ಅನ್ನುತ್ತಿದ್ದರು, ಅಲ್ವಾ? ಗೊತ್ತೇ ಇಲ್ಲದ್ದಕ್ಕೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ ಅಂದಿದ್ದು ದೇವರ ಕೊನೆಯ ತೀರ್ಪಿನ ದಿನದ ಬಗ್ಗೆ, ಭೂಮಿಯ ಕೋರ್ಟಿನ ಬಗ್ಗೆ ಅಲ್ಲ. ಈ ಭಾಗವನ್ನೇ ಸುಮ್ನೆ ಕತ್ತರಿಸಿ ಹಂಚುತ್ತಿದ್ದಾರೆ.

ತಮಾಷೆ ಅಂದರೆ, ಅಧ್ಯಾಯ ಬರೆಸಿದ ಮಾಲಿನ್ಯೂಗೇ ಈ ಕಾರಣ ಒಪ್ಪಿಗೆ ಆಗಲಿಲ್ಲ. ಕುಡಿಯುವುದೇ ಅಪರಾಧ, ಒಂದು ಅಪರಾಧ ಇನ್ನೊಂದಕ್ಕೆ ನೆಪ ಆಗುತ್ತದಾ ಅಂತ ಪತ್ರದಲ್ಲಿ ತಕರಾರು ತೆಗೆದ. ನನಗೆ ಅವನ ಮಾತೇ ಜಾಸ್ತಿ ಹಿಡಿಸಿತು.