ಸ್ಪಷ್ಟನೆ: ಸ್ವಾತಿ ಮಳೆಯ ಹನಿ ಮುತ್ತಾಗುವುದಿಲ್ಲ

ಸ್ವಾತಿ ಮಳೆಯ ಹನಿ ಹಿಡಿಯಲು ಸಿಂಪಿ ಸಮುದ್ರದ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ, ಆ ಹನಿಯೇ ಮುತ್ತಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಹರಿದಾಡುತ್ತಿದೆ. ಕವಿಸಮಯವಾಗಿ ಇದು ನನಗೂ ಪ್ರಿಯ. ವಿಜ್ಞಾನವೆಂದು ಮಕ್ಕಳಿಗೆ ಹೇಳುವುದು ತಪ್ಪು.

ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿ ಸುಮಾರು 12ರಿಂದ 25 ಮೀಟರ್ ಆಳದಲ್ಲಿ, ನಾರಿನಂಥ ಎಳೆಗಳಿಂದ ಬಂಡೆಗೆ ಅಂಟಿಕೊಂಡು ಬದುಕುತ್ತದೆ. ಈಜುವುದು ಮರಿಯಾಗಿದ್ದ ಮೊದಲ ಕೆಲವು ವಾರ ಮಾತ್ರ. ಚಿಪ್ಪು ತೆರೆಯುವುದು ಉಸಿರಾಡಲು, ಕಿವಿರುಗಳಲ್ಲಿ ನೀರು ಸೋಸಿ ಸೂಕ್ಷ್ಮ ಪಾಚಿ ತಿನ್ನಲು. ಚಿಪ್ಪು ಕಟ್ಟುವ ತೆಳ್ಳನೆಯ ಹೊದಿಕೆಗೆ ಪೆಟ್ಟಾಗಿಯೋ ಪರೋಪಜೀವಿ ಹೊಕ್ಕೋ ಆ ಹೊದಿಕೆಯ ಜೀವಕೋಶಗಳು ಮೈಯೊಳಗೆ ಸೇರಿದರೆ, ಅವು ಅಲ್ಲಿಯೂ ಸುಣ್ಣದ ಹೊಳೆಯುವ ಪದರಗಳನ್ನು ಒಂದರ ಮೇಲೊಂದು ಹೊದಿಸುತ್ತವೆ. ಅದೇ ಮುತ್ತು. 1973ರಲ್ಲಿ ತೂತ್ತುಕುಡಿಯ ವಿಜ್ಞಾನಿಗಳು ಆ ಹೊದಿಕೆಯ ಚೂರನ್ನೇ ಮಣಿಯೊಂದಿಗೆ ಒಳಗಿಟ್ಟು ದುಂಡು ಮುತ್ತು ಬೆಳೆಸಿದರು.