ಮಾರ್ಮನ್ನರು ಕ್ರೈಸ್ತರೇ?

2018ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ಮಹಾಸಮ್ಮೇಳನದ ಕೊನೆಗೆ, ಹತ್ತೊಂಬತ್ತನೇ ಶತಮಾನದಲ್ಲಿ ಜೋಸೆಫ್ ಸ್ಮಿತ್ ಅಮೆರಿಕದಲ್ಲಿ ಕಟ್ಟಿದ ಮಾರ್ಮನ್ ಸಭೆಯ (ಚರ್ಚಿನ) ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ತಾವು ಕಟ್ಟಲಿರುವ ಏಳು ದೇವಾಲಯಗಳ ಊರುಗಳನ್ನು ಓದಿದರು. ಅದರಲ್ಲಿ ಬೆಂಗಳೂರಿನ ಹೆಸರೂ ಇತ್ತು. ಭಾರತಕ್ಕೆ ಅದೇ ಮೊದಲನೆಯದು. 2020ರ ಡಿಸೆಂಬರ್‌ನಲ್ಲಿ ನೆಲಕ್ಕೆ ಗುದ್ದಲಿಯೂ ಬಿತ್ತು. ಇವರು ಕ್ರೈಸ್ತರು ಹೌದೋ ಅಲ್ಲವೋ ಎಂಬ ಜಗಳ ಅಮೆರಿಕದಲ್ಲಿ ಇನ್ನೂರು ವರ್ಷದಷ್ಟು ಹಳೆಯದು. ಇಲ್ಲಿ ಇಬ್ಬರು ಎರಡು ಕಡೆ ನಿಂತು ಬರೆದಿದ್ದಾರೆ.

ಪರ: ಅಳತೆಗೋಲು ಕ್ರಿಸ್ತನೋ, ನೈಸೀಯವೋ?

ಯೂಟಾದ ಪ್ರೊವೊದಲ್ಲಿ ಎರಡು ಚಳಿಗಾಲ ಕಳೆದವನು ನಾನು. ಪಕ್ಕದ ಮನೆಯವರು ಮಾರ್ಮನ್ನರು. ಹಿಮ ಬಿದ್ದ ದಿನ ನಾನು ಏಳುವಷ್ಟರಲ್ಲಿ ನಮ್ಮ ಬಾಗಿಲ ಮುಂದಿನ ಹಿಮವನ್ನೂ ಅವರ ಹುಡುಗರು ಗೋರಿ ಪಕ್ಕಕ್ಕೆ ಹಾಕಿರುತ್ತಿದ್ದರು. ಕಾಫಿ ಕೊಡುತ್ತೇನೆ ಬನ್ನಿ ಎಂದರೆ ನಗುತ್ತ ಬೇಡ ಅನ್ನುತ್ತಿದ್ದರು. 1833ರಲ್ಲಿ ತಮ್ಮ ಪ್ರವಾದಿ ಜೋಸೆಫ್ ಸ್ಮಿತ್‌ಗೆ ದೇವರಿಂದ ಬಂತೆಂದು ಅವರು ನಂಬುವ ‘ವಿವೇಕದ ಮಾತು’ ಹೆಂಡ, ಹೊಗೆಸೊಪ್ಪಿನ ಜೊತೆಗೆ ಕಾಫಿ ಟೀಗಳನ್ನೂ ಬಿಡಿಸಿದೆ. ಫಿಲ್ಟರ್ ಕಾಫಿಯ ಮನೆಯಲ್ಲಿ ಹುಟ್ಟಿದವನಿಗೆ ಅವರ ಧರ್ಮದಲ್ಲಿ ಕೊನೆಯವರೆಗೂ ಅರಗದೆ ಉಳಿದ ಸಂಗತಿ ಅದೊಂದೇ.

ಒಂದು ಭಾನುವಾರ ಅವರ ಜೊತೆ ಹೋಗಿ ಕೂತೆ. ಪಾದ್ರಿ ಅಂತ ಯಾರೂ ಇಲ್ಲ. ‘ಬಿಷಪ್’ ಎನಿಸಿಕೊಂಡಾತ ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಸಂಬಳವಿಲ್ಲದ ಜವಾಬ್ದಾರಿ, ಕೆಲವು ವರ್ಷ ಹೊತ್ತು ಇನ್ನೊಬ್ಬರಿಗೆ ಒಪ್ಪಿಸುವುದು. ಮೀಸೆ ಮೂಡದ ಹುಡುಗರು ತಟ್ಟೆಯಲ್ಲಿ ರೊಟ್ಟಿಯ ಚೂರನ್ನೂ ಪುಟ್ಟ ಲೋಟಗಳಲ್ಲಿ ನೀರನ್ನೂ ಹಂಚಿದರು. ದ್ರಾಕ್ಷಾರಸವಿಲ್ಲ, ಬರೀ ನೀರು. ಅದಕ್ಕೆ ಮೊದಲು ಓದುವ ಪ್ರಾರ್ಥನೆಯ ಸಾರ ಇಷ್ಟು: ನಿನ್ನ ಮಗನ ಹೆಸರನ್ನು ನಮ್ಮ ಮೇಲೆ ಹೊತ್ತುಕೊಳ್ಳುತ್ತೇವೆ, ಅವನನ್ನು ಸದಾ ನೆನೆಯುತ್ತೇವೆ, ಅವನ ಆಜ್ಞೆಗಳಂತೆ ನಡೆಯುತ್ತೇವೆ. ಇದನ್ನು ಒಂದು ಪದವೂ ಆಚೀಚೆಯಾಗದಂತೆ ಓದಬೇಕು. ಅವತ್ತು ಓದಿದ ಹುಡುಗ ನಡುವೆ ಎಡವಿದ. ಪಕ್ಕದಿಂದ ಸನ್ನೆ ಬಂತು. ಕಿವಿ ಕೆಂಪಾಗಿ ಮತ್ತೆ ಮೊದಲಿನಿಂದ ಓದಿದ.

ಆ ಹುಡುಗ ಕ್ರೈಸ್ತನಲ್ಲ ಎನ್ನಬೇಕಾದರೆ ಅಳೆಯಲು ಕ್ರಿಸ್ತನಲ್ಲದೆ ಬೇರೆ ಕೋಲು ಬೇಕು. ಆ ಕೋಲು ಯಾವುದು ಎಂದು ಕೇಳಿದರೆ ಎಲ್ಲರೂ ತೋರಿಸುವುದು 325ರ ನೈಸೀಯ ಮಹಾಸಭೆಯನ್ನು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆಸಿದ ಬಿಷಪ್ಪರ ಸಭೆ ಅದು. ತಂದೆಯೂ ಮಗನೂ ಒಂದೇ ತತ್ತ್ವ ಎಂದು ಅಲ್ಲಿ ನಂಬಿಕೆಯ ಪ್ರಮಾಣ ಬರೆದುಕೊಂಡರು. ಆ ಮಾತಿಗೆ ಬಳಸಿದ ಗ್ರೀಕ್ ಪದ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಅದಕ್ಕೆ ಮುಂಚಿನ ಮೂರು ಶತಮಾನ ಸಿಂಹದ ಬಾಯಿಗೆ ಬಿದ್ದವರು ಆ ಪ್ರಮಾಣವನ್ನು ಉಚ್ಚರಿಸಿರಲಿಲ್ಲ. ಮಗನು ತಂದೆಗೆ ಸಮನಲ್ಲ ಎಂದ ಆರಿಯಸ್ ಸೋತ, ನಿಜ. ಆದರೆ ಅವನ ದಾರಿ ಹಿಡಿದ ಗಾಥ್ ಬುಡಕಟ್ಟಿನವರನ್ನು ಚರಿತ್ರೆಯ ಪುಸ್ತಕಗಳು ‘ಆರಿಯನ್ ಕ್ರೈಸ್ತರು’ ಎಂದೇ ಕರೆಯುತ್ತವೆ. 451ರ ಕಾಲ್ಸಿಡಾನ್ ಸಭೆಯ ತೀರ್ಮಾನ ಒಪ್ಪದ ಸಿರಿಯನ್ ಆರ್ಥೊಡಾಕ್ಸರು ನಮ್ಮ ಪಕ್ಕದ ಕೇರಳದಲ್ಲೇ ಇದ್ದಾರೆ. ಕ್ವೇಕರರೆಂಬ ಪಂಥದವರು ನೀರಿನ ದೀಕ್ಷಾಸ್ನಾನವನ್ನೇ ಕೊಡುವುದಿಲ್ಲ. ಇಥಿಯೋಪಿಯದವರ ಬೈಬಲ್ಲಿನಲ್ಲಿ ಪ್ರಾಟೆಸ್ಟೆಂಟರು ಒಪ್ಪದ ಹನೋಕನ ಗ್ರಂಥವಿದೆ. ಇವರೆಲ್ಲ ಒಳಗೆ, ಮಾರ್ಮನ್ನರು ಮಾತ್ರ ಹೊರಗೆ!

ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ. ಉದ್ದೇಶದಲ್ಲಿ ಒಂದು ಎನ್ನುತ್ತಾರೆ ಮಾರ್ಮನ್ನರು. ತತ್ತ್ವಶಾಸ್ತ್ರ ಓದದ ಒಬ್ಬ ರೈತ ಸುವಾರ್ತೆಗಳನ್ನು ತಾನೇ ಓದಿದರೆ ಅವನಿಗೂ ಬಹುಶಃ ಹೀಗೇ ಅನಿಸೀತು. ಗೆತ್ಸೆಮನೆ ತೋಟದಲ್ಲಿ ಯೇಸು ಬೆವರುತ್ತ ಬೇಡಿಕೊಂಡದ್ದು ಯಾರನ್ನು? ಕಲ್ಲೇಟು ತಿಂದು ಸಾಯುವ ಮೊದಲು ಸ್ತೆಫನ ಕಂಡದ್ದು ದೇವರ ಬಲಗಡೆ ನಿಂತ ಯೇಸುವನ್ನು. ಪಕ್ಕದಲ್ಲಿ ನಿಲ್ಲಲು ಇಬ್ಬರು ಬೇಕಲ್ಲ. ಇನ್ನು ಮನುಷ್ಯ ದೇವರಂತಾಗಬಲ್ಲ ಎಂಬ ಅವರ ಮಾತು ಕೇಳಿ ಕಿವಿ ಮುಚ್ಚಿಕೊಳ್ಳುವವರಿಗೆ ಒಂದು ನೆನಪು: ನಾವು ದೇವರಾಗಲೆಂದು ಅವನು ಮನುಷ್ಯನಾದ ಎಂಬರ್ಥದ ಮಾತು ಬರೆದವನು ನೈಸೀಯದ ಕಟ್ಟಾಳು ಅಥನೇಸಿಯಸ್.

ಚಿನ್ನದ ತಗಡುಗಳ ಕಥೆಯನ್ನು ನಾನು ನಂಬುವುದಿಲ್ಲ. ನೆಲದಲ್ಲಿ ಹೂತಿದ್ದ ತಗಡುಗಳನ್ನು ಸ್ಮಿತ್ ಓದಿ ಅನುವಾದಿಸಿದ, ಪ್ರಾಚೀನ ಅಮೆರಿಕಕ್ಕೆ ಇಸ್ರೇಲಿನಿಂದ ಜನ ಬಂದಿದ್ದರು ಎನ್ನುವುದಕ್ಕೆ ಪುರಾತತ್ತ್ವದ ಆಧಾರವಿಲ್ಲ. ಡಿಎನ್‌ಎ ಅಧ್ಯಯನಗಳ ಬಳಿಕ, ಆ ತಗಡುಗಳ ಅನುವಾದವೆನ್ನುವ ಶಾಸ್ತ್ರಗ್ರಂಥ ‘ಬುಕ್ ಆಫ್ ಮಾರ್ಮನ್’ನ ಮುನ್ನುಡಿಯೇ ಬದಲಾಯಿತು: ಅಮೆರಿಕದ ಮೂಲನಿವಾಸಿಗಳ ‘ಮುಖ್ಯ ಪೂರ್ವಜರು’ ಎಂದಿದ್ದದ್ದು ‘ಪೂರ್ವಜರಲ್ಲಿ ಕೆಲವರು’ ಎಂಬಲ್ಲಿಗೆ ಇಳಿಯಿತು. ಇರಲಿ. 1830ರಲ್ಲಿ 5,000 ಪ್ರತಿ ಅಚ್ಚಾದ ಆ ಪುಸ್ತಕದ ನಡುಮನೆಯಲ್ಲಿ ಇರುವವನು ಯಾರು? ಪುನರುತ್ಥಾನಗೊಂಡ ಕ್ರಿಸ್ತ. ಅಮೆರಿಕದ ಜನರ ನಡುವೆ ಇಳಿದು ಬಂದು ಗಾಯದ ಗುರುತು ತೋರಿಸಿ, ಮಕ್ಕಳನ್ನು ಹತ್ತಿರ ಕರೆದು ಹರಸುತ್ತಾನೆ. ಚರಿತ್ರೆ ತಪ್ಪಿರಬಹುದು; ಕಥಾನಾಯಕ ಬೇರೆಯವನಲ್ಲ.

ಈ ಹಣೆಪಟ್ಟಿಯ ಜಗಳ ಯಾವಾಗಲೂ ಬರೀ ದೇವತಾಶಾಸ್ತ್ರದ್ದಾಗಿರಲಿಲ್ಲ ಎನ್ನುವುದೇ ನನ್ನ ದೊಡ್ಡ ತಕರಾರು. 1838ರಲ್ಲಿ ಮಿಸೌರಿಯ ಗವರ್ನರ್ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ನಾಮ ಮಾಡಿ ಇಲ್ಲವೇ ರಾಜ್ಯದಿಂದ ಓಡಿಸಿ ಎಂದು ಆದೇಶ ಹೊರಡಿಸಿದ. ಅದನ್ನು ವಿಧಿವತ್ತಾಗಿ ರದ್ದು ಮಾಡಿದ್ದು 1976ರಲ್ಲಿ! 1844ರಲ್ಲಿ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು. ಈಚಿನದು ನೋಡಿ: ಮಾರ್ಮನ್ನರೇ ಆದ ಮಿಟ್ ರಾಮ್ನಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಾಗ, ಮಾರ್ಮನ್ ಧರ್ಮ ಒಂದು ‘ಕಲ್ಟ್’ ಎಂದು ಹೆಸರಾಂತ ಸುವಾರ್ತಾ ಪ್ರಚಾರಕ ಬಿಲ್ಲಿ ಗ್ರಹಾಂ ಸಂಸ್ಥೆಯ ವೆಬ್‌ಸೈಟಿನಲ್ಲಿ ಬರೆದಿತ್ತು. 2012ರ ಅಕ್ಟೋಬರ್‌ನಲ್ಲಿ ರಾಮ್ನಿ ಹೋಗಿ ಗ್ರಹಾಂ ಅವರನ್ನು ಕಂಡರು. ಮತದಾನಕ್ಕೆ ತಿಂಗಳೂ ಉಳಿದಿರದ ಆ ಹೊತ್ತಿಗೆ ಆ ಮಾತು ವೆಬ್‌ಸೈಟಿನಿಂದ ಮಾಯ. ಅದೇ ವರ್ಷ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ನಮ್ಮದು ಕ್ರೈಸ್ತ ಧರ್ಮ ಎಂದ ಮಾರ್ಮನ್ನರು ಶೇ. 97. ಅವರ ಮಾತು ಲೆಕ್ಕಕ್ಕಿಲ್ಲ, ಚುನಾವಣೆಗೆ ತಕ್ಕಂತೆ ಕುಗ್ಗಿ ಹಿಗ್ಗುವ ಗಡಿ ಲೆಕ್ಕಕ್ಕಿದೆ ಎಂದರೆ ಒಪ್ಪುವುದು ಕಷ್ಟ.

ವಿರೋಧ: ಪದ ಒಂದೇ, ದೇವರು ಬೇರೆ

ಹಿಮ ಗೋರಿದ ಹುಡುಗರ ಒಳ್ಳೆಯತನದ ಬಗ್ಗೆ ನನ್ನ ತಕರಾರಿಲ್ಲ. ಬಾಗ್ಸ್‌ನ ಆದೇಶ ಪಾಪದ ಕೆಲಸ. ಚುನಾವಣೆಗೆಂದು ವೆಬ್‌ಸೈಟ್ ಒರೆಸಿದ್ದು ನಾಚಿಕೆಗೇಡು, ಅದನ್ನು ಸಮರ್ಥಿಸಲು ನಾನು ಬಂದಿಲ್ಲ. ಆದರೆ ‘ಕ್ರೈಸ್ತ’ ಎನ್ನುವುದು ನಡತೆಗೆ ಕೊಡುವ ಸರ್ಟಿಫಿಕೇಟಲ್ಲ, ‘ಕ್ರೈಸ್ತರಲ್ಲ’ ಎನ್ನುವುದು ಬೈಗುಳವೂ ಅಲ್ಲ. ಕುರಾನು ಯೇಸುವನ್ನು ಮಸೀಹ ಎನ್ನುತ್ತದೆ, ಕನ್ಯೆಯಲ್ಲಿ ಹುಟ್ಟಿದವನು ಎನ್ನುತ್ತದೆ. ಹಾಗೆಂದು ಮುಸ್ಲಿಮರನ್ನು ಕ್ರೈಸ್ತರೆಂದು ಯಾರೂ ಕರೆಯುವುದಿಲ್ಲ. ಕರೆದರೆ ಅವರೇ ಬೇಜಾರು ಮಾಡಿಕೊಂಡಾರು. ಯೇಸುವಿನ ಹೆಸರನ್ನು ಗೌರವದಿಂದ ಹೇಳುವುದಷ್ಟೇ ಅಳತೆಗೋಲಲ್ಲ, ಯಾವ ದೇವರ ಮಗ ಅವನು ಎಂಬ ಪ್ರಶ್ನೆಯೂ ಇದೆ.

ನಾನು ಬೆಳೆದದ್ದು ಸಿಎಸ್ಐ (ದಕ್ಷಿಣ ಭಾರತ ಸಭೆ) ಎಂಬ ಸಭೆಯಲ್ಲಿ. 1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ಆದ ಸಭೆ ಅದು. ಬಿಷಪ್ ಬೇಕೋ ಬೇಡವೋ ಎಂಬಂಥ ಮಾತಿಗೆ ಯುರೋಪಿನಲ್ಲಿ ಇವರ ಪೂರ್ವಿಕರು ಒಬ್ಬರನ್ನೊಬ್ಬರು ಜೈಲಿಗೆ ಹಾಕಿಸಿದ್ದರು. ಆದರೂ ಕೂಡಲು ಸಾಧ್ಯವಾಯಿತು, ಯಾಕೆಂದರೆ ಕರ್ತನ ಭೋಜನದ ಮುಂಚೆ ಎದ್ದು ನಿಂತು ಹೇಳುವ ನಂಬಿಕೆಯ ಪ್ರಮಾಣ ಎಲ್ಲರದೂ ಒಂದೇ ಆಗಿತ್ತು. ಕ್ವೇಕರರನ್ನೂ ಸಿರಿಯನ್ನರನ್ನೂ ಇಥಿಯೋಪಿಯದವರನ್ನೂ ಸಾಕ್ಷಿಗೆ ಕರೆದಿದ್ದಾರೆ ಪರ ಬರೆದವರು. ನೀರು ಬೇಕೇ, ಕ್ರಿಸ್ತನ ದೈವ-ಮಾನುಷ ಸ್ವಭಾವಗಳನ್ನು ಹೇಗೆ ವಿವರಿಸಬೇಕು, ಬೈಬಲ್ಲಿನಲ್ಲಿ ಎಷ್ಟು ಪುಸ್ತಕ — ಇವೆಲ್ಲ ಒಂದೇ ಮನೆಯ ಒಳಜಗಳಗಳು. ಎಲ್ಲವನ್ನೂ ಇಲ್ಲದುದರಿಂದ ಸೃಷ್ಟಿಸಿದ, ತಾನು ಸೃಷ್ಟಿಯಾಗದ ಒಬ್ಬನೇ ದೇವರು ಎಂಬಲ್ಲಿ ಅವರಾರೂ ಕದಲಿಲ್ಲ. ಆರಿಯಸ್ ಕೂಡ ಕದಲಲಿಲ್ಲ! ಮಗನನ್ನು ಕೆಳಗಿಳಿಸಿದವನೇ ಹೊರತು ತಂದೆಯನ್ನು ಅವನು ಮುಟ್ಟಲಿಲ್ಲ.

ಜೋಸೆಫ್ ಸ್ಮಿತ್ ಮುಟ್ಟಿದ. ಸಾಯುವುದಕ್ಕೆ ಮೂರು ತಿಂಗಳೂ ಇಲ್ಲದಾಗ, 1844ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ನಾವೂ ಊರಿನಲ್ಲಿ ಸಾವಿರಾರು ಜನರ ಮುಂದೆ ಒಂದು ಪ್ರಸಂಗ ಮಾಡಿದ. ತೀರಿಹೋದ ಕಿಂಗ್ ಫಾಲೆಟ್ ಎಂಬ ಸದಸ್ಯನ ನೆನಪಿಗೆ ಮಾಡಿದ್ದರಿಂದ ಅದಕ್ಕೆ ಅವನದೇ ಹೆಸರು. ದೇವರೂ ಒಮ್ಮೆ ನಮ್ಮಂತೆಯೇ ಇದ್ದ, ಈಗ ಸಿಂಹಾಸನದ ಮೇಲಿರುವ ಉನ್ನತಿಗೇರಿದ ಮನುಷ್ಯ ಅವನು ಎಂದ. ಜಗತ್ತಿನ ಮೂಲದ್ರವ್ಯ ಅನಾದಿ, ದೇವರು ಅದನ್ನು ಒಪ್ಪವಾಗಿ ಜೋಡಿಸಿದವನು ಎಂದ. ತಂದೆಗೆ ಮನುಷ್ಯನದರಂತೆ ಮುಟ್ಟಬಹುದಾದ ಮಾಂಸ ಮೂಳೆಗಳ ದೇಹವಿದೆ ಎನ್ನುವುದು ಅವರ ಶಾಸ್ತ್ರಗ್ರಂಥದಲ್ಲೇ ಬರೆದಿರುವ ಮಾತು. ಸ್ವರ್ಗದಲ್ಲಿ ತಾಯಿಯೂ ಇದ್ದಾಳೆ. 1995ರಲ್ಲಿ ಸಭೆ ಹೊರಡಿಸಿದ ಕುಟುಂಬದ ಘೋಷಣೆ ‘ಸ್ವರ್ಗೀಯ ತಂದೆತಾಯಿ’ ಎಂದೇ ಹೇಳುತ್ತದೆ. ಇದರಲ್ಲಿ ಒಂದು ಸೊಗಸಿದೆ, ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬದಲಾಗಿರುವುದು ‘ದೇವರು’ ಎಂಬ ಪದದ ಅರ್ಥವೇ.

ಅಥನೇಸಿಯಸ್‌ನನ್ನು ಇದರ ಪಕ್ಕ ನಿಲ್ಲಿಸುವುದು ಅನ್ಯಾಯ. ಅವನ ದೇವರು ಯಾವತ್ತೂ ದೇವರಲ್ಲದೆ ಇರಲಿಲ್ಲ. ಮನುಷ್ಯ ಕೃಪೆಯಿಂದ ಅವನಲ್ಲಿ ಪಾಲು ಪಡೆಯುತ್ತಾನೆ, ಸೃಷ್ಟಿಯಾಗಿಯೇ ಉಳಿಯುತ್ತಾನೆ. ಸ್ಮಿತ್‌ನ ಲೋಕದಲ್ಲಿ ದೇವರು, ಮನುಷ್ಯ ಇಬ್ಬರೂ ಒಂದೇ ಏಣಿಯ ಬೇರೆ ಮೆಟ್ಟಿಲಲ್ಲಿ ನಿಂತವರು.

ಕಥೋಲಿಕರ ತೀರ್ಮಾನ ಈ ಕಾರಣಕ್ಕೇ ಕುತೂಹಲ ಹುಟ್ಟಿಸುತ್ತದೆ. ದೀಕ್ಷಾಸ್ನಾನದ ವಿಷಯದಲ್ಲಿ ರೋಮಿನಷ್ಟು ಧಾರಾಳಿಗಳು ಕಡಿಮೆ. ಪ್ರಾಟೆಸ್ಟೆಂಟರು ಕೊಟ್ಟದ್ದನ್ನು ಒಪ್ಪುತ್ತಾರೆ. ಸಾಯುವ ಹೊತ್ತಿನಲ್ಲಿ ದೀಕ್ಷೆಯನ್ನೇ ಪಡೆಯದ ಒಬ್ಬ ನರ್ಸ್, ಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ನೀರು ಹಾಕಿ ತಂದೆ ಮಗ ಪವಿತ್ರಾತ್ಮರ ಹೆಸರು ಹೇಳಿದರೂ ಸಿಂಧು. ಇಂಥ ರೋಮ್, 2001ರ ಜೂನ್‌ನಲ್ಲಿ, ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಸಹಿಯೊಂದಿಗೆ ಮಾರ್ಮನ್ ದೀಕ್ಷಾಸ್ನಾನ ಸಿಂಧುವಲ್ಲ ಎಂದಿತು. ಮಾರ್ಮನ್ನರೂ ನೀರಿನಲ್ಲಿ ಪೂರ್ತಿ ಮುಳುಗಿಸಿ ಅದೇ ಮೂರು ಹೆಸರು ಹೇಳುತ್ತಾರೆ. ಆ ಹೆಸರುಗಳು ಸೂಚಿಸುವವರು ಬೇರೆ ಎಂಬುದೇ ಕೊಟ್ಟ ಕಾರಣ. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಯುನೈಟೆಡ್ ಮೆಥಡಿಸ್ಟರೂ ಇದೇ ನಿಲುವಿಗೆ ಬಂದಿದ್ದರು. ಯಾವ ಚುನಾವಣೆಯೂ ರಾಮ್ನಿಯೂ ಆ ಚಿತ್ರದಲ್ಲಿರಲಿಲ್ಲ.

ಆಚರಣೆಗೆ ಬಂದರೆ, ಭಾನುವಾರದ ರೊಟ್ಟಿ-ನೀರನ್ನು ಮಾತ್ರ ನೋಡಿ ಬಂದವರು ಅರ್ಧ ಮನೆ ನೋಡಿದಂತೆ. ಇನ್ನರ್ಧ ದೇವಾಲಯದಲ್ಲಿದೆ, ಭಾನುವಾರ ಅದರ ಬಾಗಿಲು ಮುಚ್ಚಿರುತ್ತದೆ. ಬೆಂಗಳೂರಿಗೆ ಘೋಷಿಸಿದ್ದು ಈ ಬಗೆಯ ಕಟ್ಟಡ. ಪ್ರತಿಷ್ಠೆಯಾದ ಮೇಲೆ ಒಳಗೆ ಹೋಗಲು ಬಿಷಪ್ಪರ ಜೊತೆ ಸಂದರ್ಶನ ಮುಗಿಸಿ ಪಡೆದ ಅನುಮತಿ ಚೀಟಿ ಬೇಕು. ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಸರಿಯಾಗಿ ಕೊಡುತ್ತೀಯಾ ಎಂಬುದೂ ಅಲ್ಲಿ ಕೇಳುವ ಪ್ರಶ್ನೆಗಳಲ್ಲೊಂದು. ಗಂಡಹೆಂಡಿರನ್ನು ಸಾವಿನಾಚೆಗೂ ಬೆಸೆಯುವ ವಿಧಿ ಒಳಗೆ ನಡೆಯುತ್ತದೆ. ಸದಸ್ಯರಲ್ಲದ ತಾಯಿ ತನ್ನ ಮಗಳ ಆ ಮದುವೆಯನ್ನು ನೋಡುವಂತಿಲ್ಲ. ಅಮೆರಿಕದಲ್ಲಿ ಹೊರಗೆ ಮೊದಲು ಮದುವೆ ಮಾಡಿಕೊಂಡ ಜೋಡಿ ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. ಆ ನಿಯಮವನ್ನು 2019ರಲ್ಲಿ ಕೈಬಿಟ್ಟರು. ಎಷ್ಟು ತಾಯಂದಿರು ಅದುವರೆಗೆ ಹೊರಗಿನ ಬೆಂಚಿನ ಮೇಲೆ ಕೂತು ಕಾದಿದ್ದರೋ.

ಸತ್ತವರ ಪರವಾಗಿ ಬದುಕಿರುವವರು ನೀರಿಗಿಳಿಯುವ ವಿಧಿಯೂ ಅಲ್ಲೇ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಒಂದು ವಚನ ಇದನ್ನು ಪ್ರಸ್ತಾಪಿಸುತ್ತದೆ. ಅಷ್ಟರ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ಎದ್ದಿದೆ. ಅವರು ವಂಶಾವಳಿಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಡುವುದಕ್ಕೂ ಇದೇ ಕಾರಣ. ನಾಜಿಗಳು ಕೊಂದ ಯೆಹೂದ್ಯರ ಹೆಸರಲ್ಲೂ ಹೀಗೆ ದೀಕ್ಷೆ ನಡೆದದ್ದು ತಿಳಿದು ಅವರ ಬಂಧುಗಳು ನೊಂದರು. ನಿಲ್ಲಿಸುತ್ತೇವೆಂದು 1995ರಲ್ಲಿ ಒಪ್ಪಂದವಾಯಿತು. (ಬಹುಪತ್ನಿತ್ವದ ಮಾತು ನಾನು ಎತ್ತುವುದಿಲ್ಲ. 1890ರಲ್ಲೇ ಅವರು ಅದನ್ನು ಬಿಡುವ ಘೋಷಣೆ ಹೊರಡಿಸಿದರು. ಅದನ್ನೇ ಹಿಡಿದು ಎಳೆಯುವವರಿಗೆ ವಿಷಯ ಗೊತ್ತಿಲ್ಲ ಎಂದರ್ಥ.)

ಕೊನೆಗೆ, ಗಡಿ ಎಳೆದವರು ನಾವಷ್ಟೇ ಅಲ್ಲ. ಯಾವ ಸಭೆಗೆ ಸೇರಲಿ ಎಂದು 1820ರಲ್ಲಿ ಕಾಡಿಗೆ ಹೋಗಿ ಪ್ರಾರ್ಥಿಸಿದ ಹದಿನಾಲ್ಕರ ಸ್ಮಿತ್‌ಗೆ, ಯಾವುದಕ್ಕೂ ಸೇರಬೇಡ, ಅವೆಲ್ಲ ತಪ್ಪು, ಅವುಗಳ ನಂಬಿಕೆಯ ಪ್ರಮಾಣಗಳು ಹೇಯ ಎಂಬ ಉತ್ತರ ಬಂತೆಂದು ಅವರ ಶಾಸ್ತ್ರವೇ ಹೇಳುತ್ತದೆ. ಅಪೊಸ್ತಲರು ಸತ್ತ ಮೇಲೆ ಭೂಮಿಯಿಂದ ಎತ್ತಿಹೋಗಿದ್ದ ಯಾಜಕತ್ವ ತಮ್ಮಲ್ಲಿ ಮಾತ್ರ ಮರಳಿ ಬಂದಿದೆ ಎಂಬುದು ಅವರ ಸಭೆಯ ಬುನಾದಿ. ಯೆಹೂದ್ಯರ ಗ್ರಂಥವನ್ನು ‘ಹಳೆ ಒಡಂಬಡಿಕೆ’ ಮಾಡಿಕೊಂಡು ಅದರ ಮುಂದೆ ಹೊಸದನ್ನು ಸೇರಿಸಿದ ನಾವು ನಮ್ಮನ್ನು ಯೆಹೂದ್ಯರೆಂದು ಕರೆದುಕೊಳ್ಳುವುದಿಲ್ಲ. ನಮ್ಮ ಎರಡರ ಮುಂದೆ ಇನ್ನೊಂದನ್ನು ಸೇರಿಸಿದವರದೂ ಹೊಸ ಧರ್ಮವೇ ಎಂದರೆ ಅದರಲ್ಲಿ ಅವಮಾನವೇನಿದೆ? ಸ್ಮಿತ್‌ನ ಹಿಂಬಾಲಕರಲ್ಲೇ ಒಂದು ಕವಲು, ಈಗ ‘ಕಮ್ಯುನಿಟಿ ಆಫ್ ಕ್ರೈಸ್ಟ್’ ಎನಿಸಿಕೊಂಡದ್ದು, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ಆದ ತ್ರಿಯೇಕ ದೇವರನ್ನು ಒಪ್ಪಿಕೊಂಡಿತು. ಅಮೆರಿಕದ ಸಭೆಗಳ ರಾಷ್ಟ್ರೀಯ ಪರಿಷತ್ತು 2010ರಲ್ಲಿ ಅದನ್ನು ಒಳಗೆ ಸೇರಿಸಿಕೊಂಡಿತು. ‘ಬುಕ್ ಆಫ್ ಮಾರ್ಮನ್’ ಅವರ ಕೈಯಲ್ಲೂ ಇದೆ, ಅದು ಅಡ್ಡಿಯಾಗಲಿಲ್ಲ.

ಇವತ್ತಿಗೂ ಮಾರ್ಮನ್ ಸಭೆ ಬಿಟ್ಟು ಬಂದವನನ್ನು ಕಥೋಲಿಕರು ಮತ್ತೆ ನೀರಿನ ತೊಟ್ಟಿಯ ಬಳಿ ನಿಲ್ಲಿಸುತ್ತಾರೆ. ಕಥೋಲಿಕ ಸಭೆಯಿಂದಲೋ ಸಿಎಸ್ಐಯಿಂದಲೋ ಮಾರ್ಮನ್ನರಲ್ಲಿಗೆ ಹೋದವನಿಗೂ ಹಳೆಯ ಸ್ನಾನ ಲೆಕ್ಕಕ್ಕಿಲ್ಲ. ಬಿಳಿ ಬಟ್ಟೆ ಉಡಿಸಿ ಮತ್ತೆ ಮುಳುಗಿಸುತ್ತಾರೆ.